ಆ ಫಲಿತಾಂಶವನ್ನು ಬರೆದು ಮುಗಿಸು, ಪುಟ್ಟಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೂರು ವರ್ಷ ನೆಚ್ಚಿಕೊಂಡಿದ್ದ ಔಷಧಿ ಇಲಿಗಳಲ್ಲಿ ಗೆಡ್ಡೆಯನ್ನು ಕುಗ್ಗಿಸುವ ಬದಲು ಬೆಳೆಸಿತು ಎಂದಿದ್ದೀಯ. ಅದನ್ನು ಬದಿಗಿಟ್ಟು ಬೇರೆ ವಿಷಯ ಹಿಡಿಯಲಾ ಎಂದು ಕೇಳಿದ್ದೀಯ. ವಿಷಯ ಬದಲಿಸುವುದು ನಿನಗೆ ಬಿಟ್ಟಿದ್ದು. ಆದರೆ ಈ ಫಲಿತಾಂಶವನ್ನು ಪೂರ್ತಿ ಬರೆಯದೆ ಅಲ್ಲಿಂದ ಏಳಬೇಡ.

ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಅವರಿಗೂ ಹೀಗೇ ಆಗಿತ್ತು. ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅವರು ಬಾಸ್ಟನ್‌ನಲ್ಲಿ ಮೊದಲು ಕೊಟ್ಟಿದ್ದು ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ಬಗೆಯ ವಸ್ತುಗಳನ್ನು. ರೋಗ ಇನ್ನೂ ಜೋರಾದಂತೆ ಕಂಡಿತು. ಇಲಿಗಳಲ್ಲ, ಮಕ್ಕಳು! ಆ ದಿನಗಳನ್ನು ಅವರು ಹೇಗೆ ಕಳೆದರೋ. ಆದರೂ ಕಂಡದ್ದನ್ನು ಅವರು ಮುಚ್ಚಿಡಲಿಲ್ಲ. ಫೋಲಿಕ್ ಆಮ್ಲ ರೋಗವನ್ನು ಬೆಳೆಸುವುದಾದರೆ, ಅದನ್ನು ತಡೆಯುವ ವಸ್ತು ರೋಗವನ್ನು ತಗ್ಗಿಸಬೇಕು ಅಲ್ವಾ? ಅಂಥ ಔಷಧಿ, ಅಮಿನೊಪ್ಟೆರಿನ್, ತಯಾರಾಗಿದ್ದು ಅಮೆರಿಕದಲ್ಲಿದ್ದ ನಮ್ಮ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಿದ್ದರು. 10 ಮಕ್ಕಳು ಚೇತರಿಸಿಕೊಂಡರು, ಅದೂ ಕೆಲವು ತಿಂಗಳ ಮಟ್ಟಿಗೆ. ಉಳಿದವರ ವಿಷಯವನ್ನೂ ಅದೇ ವರದಿ ಹೇಳುತ್ತದೆ.

ಮುಂದೆ ಒಂದರ ಜೊತೆ ಒಂದು ಔಷಧಿ ಸೇರಿಸಿ ಕೊಡುವುದು ಬಂತು. ರಕ್ತ ಶುದ್ಧವಾದರೂ ಕೆಲವು ತಿಂಗಳಲ್ಲಿ ರೋಗ ಮಿದುಳಿನ ಪೊರೆಯಲ್ಲಿ ಮರುಕಳಿಸುತ್ತಿತ್ತು. ಔಷಧಿ ಅಲ್ಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಈ ಸೋಲನ್ನೇ ಹಿಡಿದು ಕೂತರು. ತಲೆಗೆ ವಿಕಿರಣ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಔಷಧಿಯ ಇಂಜೆಕ್ಷನ್, ಎರಡೂ ಸೇರಿಸಿದರು. 1960ರ ದಶಕ ಮುಗಿಯುವ ಹೊತ್ತಿಗೆ ಅವರು ಚಿಕಿತ್ಸೆ ಕೊಟ್ಟ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಗುಣವಾಗುವಂತಾಯಿತು. ಆಗ ಯಾರೂ ನಂಬದ ಮಾತು ಅದು.

ಈಗ ನನ್ನ ವಿಷಯ ಹೇಳುತ್ತೇನೆ. ನಿನಗೆ ಇದುವರೆಗೆ ಹೇಳಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದು. ಗುಣವಾಗಿ ನಾಲ್ಕು ವರ್ಷ ಕಳೆದಿದ್ದ ಒಬ್ಬ ಹುಡುಗನನ್ನು ತಾಯಿ ತಪಾಸಣೆಗೆ ಕರೆತಂದಿದ್ದರು. ರಕ್ತದ ವರದಿ ಚೆನ್ನಾಗಿತ್ತು. 'ಮೊದಲು ಮಗ್ಗಿ ಪಟಪಟ ಹೇಳುತ್ತಿದ್ದ ಮಗು, ಈಗ ಮರೆಯುತ್ತಾನೆ' ಎಂದರು ಆಕೆ. ನಾನು ನಕ್ಕು ಸಮಾಧಾನ ಹೇಳಿ ಕಳಿಸಿದೆ. ಕಡತದಲ್ಲಿ 'ತೊಂದರೆ ಏನೂ ಇಲ್ಲ' ಎಂದು ಬರೆದೆ. ಅವನ ತಲೆಗೂ ವಿಕಿರಣ ಕೊಟ್ಟಿದ್ದರು. ಅದು ಮಕ್ಕಳ ಕಲಿಕೆಯನ್ನೂ ಬೆಳವಣಿಗೆಯನ್ನೂ ಕುಂದಿಸಬಹುದು, ಕೆಲವರಲ್ಲಿ ವರ್ಷಗಳ ನಂತರ ಮಿದುಳಿನಲ್ಲಿ ಹೊಸದಾಗಿ ಗೆಡ್ಡೆಯನ್ನೂ ತರಬಹುದು. ಆ ತಾಯಿ ಹೇಳಿದ್ದನ್ನು ನಾನು ಒಂದು ಸಾಲಾದರೂ ಬರೆದಿಡಬೇಕಿತ್ತು. ಬರೆಯಲಿಲ್ಲ. ಗುಣಪಡಿಸಿದೆವು ಅನ್ನುವ ಸಂತೋಷ ಕೆಡುವುದು ನನಗೆ ಬೇಕಿರಲಿಲ್ಲ.

ಬೇರೆಯವರು ಬರೆದರು. ಅಂಥ ಸಾಲುಗಳು ಸೇರಿ ಸೇರಿಯೇ ವಿಕಿರಣ ಕಡಿಮೆಯಾಗುತ್ತಾ ಬಂತು. ಪಿಂಕೆಲ್ ಅವರ ಅದೇ ಆಸ್ಪತ್ರೆಯ ತಂಡ ಯಾವ ಮಗುವಿಗೂ ಮುಂಜಾಗ್ರತೆಗೆಂದು ತಲೆಗೆ ವಿಕಿರಣ ಕೊಡದೆ ಚಿಕಿತ್ಸೆ ಮಾಡಿ ನೋಡಿತು. 2009ರಲ್ಲಿ ಅವರು ಕೊಟ್ಟ ವರದಿಯ ಪ್ರಕಾರ, ಐದು ವರ್ಷಗಳ ನಂತರ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ಅದನ್ನು ಓದಿದ ದಿನ ನನಗೆ ನೆನಪಾಗಿದ್ದು ಆ ಹುಡುಗ.

ಹಾಗಾಗಿ ವಾರಕ್ಕೊಮ್ಮೆಯಾದರೂ ಪ್ರಯೋಗಾಲಯ ಬಿಟ್ಟು ವಾರ್ಡಿಗೆ ಹೋಗು. ಸುಮ್ನೆ ಕೂತು ತಾಯಂದಿರ ಮಾತು ಕೇಳು. ಗುಣವಾಗಿ ಹೋದವರು ತಪಾಸಣೆಗೆ ಬರುವ ದಿನ ಇನ್ನೂ ಜಾಸ್ತಿ ಹೊತ್ತು ಕೂರು.

ನಿಮ್ಮ ಗುಂಪಿನವರು, ಗೆಡ್ಡೆ ಬೆಳೆದ ಇಲಿಗಳನ್ನು ಬಿಟ್ಟು ಉಳಿದ ಅಂಕಿಗಳನ್ನು ಕಳಿಸೋಣ ಅಂತಿದ್ದಾರೆ ಎಂದು ಬರೆದಿದ್ದೀಯ. ಒಪ್ಪಬೇಡ, ಪುಟ್ಟಿ. ಆ ಔಷಧಿಯನ್ನು ನಾಳೆ ಇನ್ಯಾರೋ ಮಗುವಿನ ತನಕ ಒಯ್ಯಬಹುದು. ಮೊದಲ ಕರಡು ನನಗೆ ಕಳಿಸು. ಪಟ್ಟಿಯಲ್ಲಿ ಎಲ್ಲ ಇಲಿಗಳೂ ಇರಲಿ.

ಇಂತಿ,
ನಿನ್ನ ಅತ್ತೆ