ವೈರ್ ಕಿತ್ತ ಮೇಲೆ ನೋಡು

ತಿಪಟೂರು

ಪ್ರೀತಿಯ ಮಂಜು,

ನೀನು ಕಳಿಸಿದ ವಿಡಿಯೋ ನಾಲ್ಕು ಸಲ ನೋಡಿದೆ. ಒಂದು ಮೋಟಾರ್, ಬೆಲ್ಟು, ಫ್ಲೈವೀಲು ಅನ್ನೋ ದಪ್ಪ ಚಕ್ರ, ಆ ಕಡೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್. ಶುರುವಿಗೆ ಮಾತ್ರ ಕರೆಂಟ್ ಬೇಕು, ಆಮೇಲೆ ತನ್ನ ಕರೆಂಟಲ್ಲೇ ತಾನು ತಿರುಗಿ, ಮೇಲೆ ನಮಗೂ 5 ಕಿಲೋವ್ಯಾಟ್ ಕೊಡುತ್ತದಂತೆ. ಬೆಲೆ 1,80,000. ಅಡ್ವಾನ್ಸ್ 40,000 ಕೊಡಲಾ ಮಾವ ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಕೊಡಬೇಡ.

ನಿನ್ನನ್ನು ದಡ್ಡ ಅನ್ನುತ್ತಿಲ್ಲ. ನಾನೂ ಇದನ್ನೇ ಕಟ್ಟಿದ್ದೆ. 1986ರಲ್ಲಿ, ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಿ ಎರಡು ವರ್ಷ ಆಗಿತ್ತು. ಕೈ ಕುದುರಿತ್ತು, ತಲೆ ತಿರುಗಿತ್ತು. ನಿಮ್ಮ ಅಜ್ಜಿ ಕೊಬ್ಬರಿ ಮಾರಿ ಇಟ್ಟಿದ್ದ ದುಡ್ಡಲ್ಲಿ ಗುಜರಿಯಿಂದ ಒಂದು ಆಲ್ಟರ್ನೇಟರ್ ತಂದು, 3 ಎಚ್‌ಪಿ ಮೋಟಾರಿಗೆ ಬೆಲ್ಟ್ ಹಾಕಿದೆ. ಬಲ್ಬ್ ಉರಿಯಿತು. ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದರು. ನಾನು ದೊಡ್ಡ ಮನುಷ್ಯನ ಹಾಗೆ ಚೇಂಜ್‌ಓವರ್ ಸ್ವಿಚ್ ಎಳೆದೆ. ಲೈನ್ ಹೋಯಿತು, ಮೋಟಾರ್ ಈಗ ಆಲ್ಟರ್ನೇಟರ್ ಕರೆಂಟಿನ ಮೇಲೆ. ಸದ್ದು ಹಾಗೇ ಇಳಿಯಿತು, ಬಲ್ಬ್ ಕೆಂಪಗಾಯಿತು, ಆರಿತು. ಉಸಿರು ಬಿಗಿ ಹಿಡಿದಿದ್ದೆ, ಬಿಡುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಬೇರಿಂಗ್ ಬದಲಿಸಿದೆ. ಪುಲ್ಲಿ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ ಒಂದು ದಿನ ಸುಮ್ನೆ ಮೋಟಾರ್ ಲೈನಿಗೆ ಕರೆಂಟ್ ಅಳೆಯುವ ಆ್ಯಮೀಟರ್ ಹಾಕಿಕೊಂಡು ಕೂತೆ. ಆಲ್ಟರ್ನೇಟರಿಗೆ ಒಂದು ಬಲ್ಬ್ ಹಾಕಿದರೆ ಮುಳ್ಳು ಸ್ವಲ್ಪ ಮೇಲೆ. ಇನ್ನೊಂದು ಹಾಕಿದರೆ ಇನ್ನೂ ಮೇಲೆ. ಆ ಕಡೆ ತೆಗೆದದ್ದೆಲ್ಲ ಈ ಕಡೆ ಕೊಡಲೇಬೇಕು, ಜೊತೆಗೆ ಒಂದಿಷ್ಟು ಜಾಸ್ತಿ. ಜೌಲ್, ಹೆಲ್ಮ್‌ಹೋಲ್ಟ್ಸ್ ಅಂತ ವಿಜ್ಞಾನಿಗಳು ನಿನ್ನ ಪಾಠದಲ್ಲಿ ಬಂದಿರುತ್ತಾರಲ್ಲ, ಅವರು 1840ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದನ್ನು ನಾನು ಅಜ್ಜಿಯ ದುಡ್ಡು ಕಳೆದು ಕಲಿತೆ.

ನಮ್ಮ ಮೋಟಾರುಗಳು 100 ಕೊಟ್ಟರೆ ಸುಮಾರು 85 ವಾಪಸ್ ಕೊಡುತ್ತವೆ ಅಂತ ಇಟ್ಟುಕೋ. ಆಲ್ಟರ್ನೇಟರಿಗೂ ಅಷ್ಟೇ. ಎರಡನ್ನೂ ದಾಟಿ ಬರುವಾಗ 100 ಕೊಟ್ಟರೆ 72 ವಾಪಸ್. ಅದನ್ನೇ ಮತ್ತೆ ಕೊಟ್ಟರೆ 52. ಮತ್ತೆ ಕೊಟ್ಟರೆ 37. ಉಳಿದದ್ದು ಎಲ್ಲಿ ಹೋಯಿತು ಅಂದರೆ ಮೋಟಾರ್ ಮೈ ಮುಟ್ಟಿ ನೋಡು, ಸುಡುತ್ತಿರುತ್ತದೆ.

ಈಗ ಆ ಫ್ಲೈವೀಲ್ ವಿಷಯ. ವಿಡಿಯೋದಲ್ಲಿ ಅದನ್ನೇ ತಟ್ಟಿ ತಟ್ಟಿ ತೋರಿಸುತ್ತಾನಲ್ಲ, ಮೋಸ ಇರುವುದು ಅಲ್ಲೇ. ಫ್ಲೈವೀಲು ನೀರಿನ ಡ್ರಮ್ ಇದ್ದ ಹಾಗೆ. ತುಂಬಿಸಿದಷ್ಟು ಇರುತ್ತದೆ, ಬಾವಿ ಅಲ್ಲ. ಎರಡು ಅಡಿ ಅಗಲ, 50 ಕೆಜಿ ತೂಕದ ಕಬ್ಬಿಣದ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂದುಕೋ. ಅದರಲ್ಲಿರುವ ಶಕ್ತಿಯಲ್ಲಿ 1 ಕಿಲೋವ್ಯಾಟ್ ಹೀಟರ್ ಅರ್ಧ ನಿಮಿಷವೂ ಓಡಲ್ಲ. ಆದರೆ ಎರಡು ಎಲ್‌ಇಡಿ ಬಲ್ಬ್ ಹಾಕಿ, ಪ್ಲಗ್ ಕಿತ್ತು, ಕೈ ಎತ್ತಿ ತೋರಿಸಿ, ಕ್ಯಾಮೆರಾ ನಿಲ್ಲಿಸುವಷ್ಟು ಹೊತ್ತು ಧಾರಾಳವಾಗಿ ಓಡುತ್ತದೆ. ನೀನು ಕಳಿಸಿದ ವಿಡಿಯೋದಲ್ಲಿ ಪ್ಲಗ್ ಕಿತ್ತ ಮೇಲೆ ಎಷ್ಟು ಸೆಕೆಂಡ್ ಇದೆ ಅಂತ ಎಣಿಸು. ನಾನು ಎಣಿಸಿದೆ, 19.

ಇದೆಲ್ಲ ಹೊಸ ಆಸೆ ಏನಲ್ಲ. ಲೀಲಾವತಿ ಬರೆದ ಭಾಸ್ಕರಾಚಾರ್ಯರೇ 1150ರ ತಮ್ಮ ಸಿದ್ಧಾಂತ ಶಿರೋಮಣಿಯಲ್ಲಿ, ಟೊಳ್ಳು ಅರಗಳಿಗೆ ಪಾದರಸ ತುಂಬಿದ, ತಾನೇ ತಿರುಗುವ ಚಕ್ರದ ಬಗ್ಗೆ ಬರೆದಿದ್ದಾರೆ. ಅಷ್ಟು ದೊಡ್ಡ ಗಣಿತದವರಿಗೇ ಆಸೆ ಹುಟ್ಟಿತು ಅಂದಮೇಲೆ ನಾವು ಯಾವ ಲೆಕ್ಕ! ಆ ಚಕ್ರ ತಿರುಗಲ್ಲ. ಒಂದು ಪಕ್ಕ ಪಾದರಸ ಅಂಚಿಗೆ ಸರಿದು ಭಾರ ಎಳೆದರೆ, ಇನ್ನೊಂದು ಪಕ್ಕವೂ ಅಷ್ಟೇ ಎಳೆದು ತಕ್ಕಡಿ ಸರಿಹೋಗುತ್ತದೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯವರಂತೂ ಇಂಥ ಅರ್ಜಿ ನೋಡಿ ನೋಡಿ ಸಾಕಾಗಿ, ಇನ್ನು ಮುಂದೆ ತೆಗೆದುಕೊಳ್ಳಲ್ಲ ಅಂತ 1775ರಲ್ಲೇ ಬಾಗಿಲು ಹಾಕಿದರು.

ನನಗೆ ತುಂಬಾ ಇಷ್ಟವಾದ ಕಥೆ ಅಮೆರಿಕದ್ದು. ಚಾರ್ಲ್ಸ್ ರೆಡ್‌ಹೆಫರ್ ಅಂತ ಒಬ್ಬ 1812ರಲ್ಲಿ ಫಿಲಡೆಲ್ಫಿಯಾದಲ್ಲಿ ತಾನೇ ತಿರುಗುವ ಯಂತ್ರ ಇಟ್ಟು ಜನರಿಗೆ ತೋರಿಸುತ್ತಿದ್ದ. ಪರೀಕ್ಷೆಗೆ ಹೋದವರು ಯಂತ್ರಕ್ಕೆ ಜೋಡಿಸಿದ್ದ ಗೇರಿನ ಹಲ್ಲು ನೋಡಿದರು. ಯಂತ್ರ ಗೇರನ್ನು ತಳ್ಳುತ್ತಿದ್ದರೆ ಒಂದು ಕಡೆ ಸವೆಯಬೇಕು. ಸವೆದಿದ್ದದ್ದು ಇನ್ನೊಂದು ಕಡೆ. ಅಂದರೆ ಗೇರೇ ಯಂತ್ರವನ್ನು ತಳ್ಳುತ್ತಿತ್ತು! ಎಂಥ ಕಣ್ಣು ನೋಡು ಅವರದ್ದು. ನಲವತ್ತು ವರ್ಷ ಗೇರ್ ಬಿಚ್ಚಿದವನು ನಾನು, ಅಲ್ಲಿದ್ದರೆ ನನಗೆ ಹೊಳೆಯುತ್ತಿತ್ತೋ ಇಲ್ಲವೋ.

ಅವನು ಅಲ್ಲಿಂದ ನ್ಯೂಯಾರ್ಕಿಗೆ ಹೋದ. 1813ರಲ್ಲಿ ಸ್ಟೀಮ್ ದೋಣಿಯ ರಾಬರ್ಟ್ ಫುಲ್ಟನ್ ನೋಡಲು ಬಂದ. ನೋಡಿದ್ದಕ್ಕಿಂತ ಹೆಚ್ಚು ಕೇಳಿಸಿಕೊಂಡ. ಸದ್ದು ಒಂದೇ ಸಮ ಇಲ್ಲ, ಯಾರೋ ಹಿಡಿ ತಿರುಗಿಸುವಾಗ ಬರುವ ಏರಿಳಿತ. ಗೋಡೆಯ ಕಡೆ ಇದ್ದ ಹಲಗೆ ಕಿತ್ತ. ಒಳಗೆ ಕರುಳಿನ ದಾರದ ಬೆಲ್ಟ್. ಅದರ ಜಾಡು ಹಿಡಿದು ಮೇಲೆ ಹತ್ತಿದರೆ ಅಟ್ಟದಲ್ಲಿ ಒಬ್ಬ ಗಡ್ಡದ ಮುದುಕ. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಒಣ ಬ್ರೆಡ್ ಕಡಿಯುತ್ತಾ ಕೂತಿದ್ದನಂತೆ. ಇಂಧನ ಇಲ್ಲದ ಯಂತ್ರಕ್ಕೆ ಬ್ರೆಡ್ ಇಂಧನ!

ನಿನಗೆ ಮಾರುತ್ತಿರುವವನು ಕಳ್ಳ ಅಂತ ನಾನು ಹೇಳಲ್ಲ. 1986ರ ನನ್ನ ಹಾಗೆ ಅವನೂ ನಂಬಿರಬಹುದು. ಅವನನ್ನು ಬೈಯಬೇಡ, ಕರೆಸು. ಯಂತ್ರ ನಮ್ಮ ಪಂಪ್‌ಹೌಸಿಗೆ ಬರಲಿ. ನಾಲ್ಕು ಕಡೆಯಿಂದ ಕಾಣುವ ಹಾಗೆ ಸ್ಟೂಲ್ ಮೇಲೆ ಇಡಲಿ, ಬ್ಯಾಟರಿ ಇದ್ದರೆ ಬಿಚ್ಚಲಿ. ಬೋರಿನ 5 ಎಚ್‌ಪಿ ಮೋಟಾರ್ ಹಾಕಿ ಒಂದು ಹಗಲು, ಒಂದು ರಾತ್ರಿ ಓಡಿಸಲಿ. ಓಡಿದರೆ ದುಡ್ಡು ನಾನೇ ಕೊಡುತ್ತೇನೆ ಅಂತ ಹೇಳು. ಅಡ್ವಾನ್ಸ್ ಮಾತ್ರ ಒಂದು ರೂಪಾಯಿಯೂ ಇಲ್ಲ.

ರಾತ್ರಿ ಕರೆಂಟಿಗೆ ಕಾದು ಕಾದು ನಿನಗೆ ಬೇಸರ ಬಂದಿದೆ ಅಂತ ಗೊತ್ತು. ಹಾವು ಹುಪ್ಪಟೆ ನಡುವೆ ಎರಡು ಗಂಟೆಗೆ ಎದ್ದು ಹೋಗೋದು ಸುಲಭ ಅಲ್ಲ. ಸೋಲಾರ್ ಪಂಪಿನ ಬಗ್ಗೆ ಕೂತು ಮಾತಾಡೋಣ. ಅದರ ಬಿಲ್ ಸೂರ್ಯ ಕಟ್ಟುತ್ತಾನೆ, ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಬಹುದು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ಲ್ಯಾಂಪ್ ಮೀಟರ್ ತರುತ್ತೇನೆ, ಹಾಗೇ ನಿಮ್ಮ ಸ್ಟಾರ್ಟರಿಗೆ ಹೊಸ ಕಾಯಿಲ್ ಕೂಡ. ಅಕ್ಕನಿಗೆ ಹೇಳು, ಹುರುಳಿ ಸಾರು ಮಾಡಲಿ.

ನಿನ್ನ ಮಾವ