ಕೈಯಿಂದ ಬರೆದ ತೈಲವರ್ಣವೆಂದು ಹೇಳಿ ಮುದ್ರಿತ ಪಟ ಕಳುಹಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕರ ಕುಂದುಕೊರತೆ ವಿಭಾಗ

ಮಾನ್ಯರೇ,

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಪೊಲ್ಲಿಲೂರು ಕದನದ ಚಿತ್ರವನ್ನು ಆರು ಅಡಿ ಅಗಲ, ಮೂರು ಅಡಿ ಎತ್ತರದ ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಕೈಯಿಂದಲೇ ಬರೆದುಕೊಡಬೇಕೆಂದು ಕೇಳಿ, 38,500 ರೂಪಾಯಿಯನ್ನು ಪೂರ್ತಿ ಮುಂಗಡವಾಗಿಯೇ ತಮಗೆ ಪಾವತಿಸಿದ್ದೆ. ಮೂರು ತಿಂಗಳ ಬಳಿಕ ಬಂದದ್ದು ಯಂತ್ರದಲ್ಲಿ ಅಚ್ಚಾದ ಪಟ. ನಾಲ್ಕು ಬಾರಿ ಫೋನ್ ಮಾಡಿ, ಮೂರು ಇಮೇಲ್ ಬರೆದರೂ ಪ್ರಯೋಜನವಾಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆಂಟು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದವನು. ಪ್ರತಿ ವರ್ಷ ಮಕ್ಕಳನ್ನು ಆ ಗೋಡೆಯ ಮುಂದೆ ನಿಲ್ಲಿಸಿ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಹೇಗೆ ಸುತ್ತುವರಿಯಿತೆಂದು ಹೇಳುತ್ತಿದ್ದೆ. ಮದ್ದುಗುಂಡಿನ ಬಂಡಿ ಸಿಡಿಯುವುದು, ಕೆಂಪಂಗಿಯ ಸಿಪಾಯಿಗಳ ಚೌಕ, ಅದರ ನಡುವೆ ಪಲ್ಲಕ್ಕಿಯಲ್ಲಿ ಬಾಯಿಗೆ ಬೆರಳಿಟ್ಟು ಕುಳಿತ ಬೈಲಿ, ಇವನ್ನು ಮಕ್ಕಳು ಒಂದೊಂದಾಗಿ ಹುಡುಕುತ್ತಿದ್ದರು. ಸುಣ್ಣದಡಿ ಮುಚ್ಚಿಹೋಗಿದ್ದ ಆ ಚಿತ್ರವನ್ನು ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು. ಕೈಯಿಂದ ಕೈಗೆ ಬಂದದ್ದರಿಂದಲೇ ಅದು ಇಂದಿಗೂ ಉಳಿದಿದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡುವ ಪ್ರತಿಯೂ ಒಬ್ಬ ಕಲಾವಿದನ ಕೈಯಿಂದಲೇ ಬರಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ.

ಪೆಟ್ಟಿಗೆ ತೆರೆದಾಗ ತೈಲವರ್ಣಕ್ಕೆ ಬಳಸುವ ಅಗಸೆ ಎಣ್ಣೆಯ ವಾಸನೆಯೇ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಕುದುರೆಯ ಮೈ ತುಂಬ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು. ಅದರ ಮೇಲೆ ಯಾರೋ ಪಾರದರ್ಶಕ ಅಂಟನ್ನು ಬ್ರಷ್ಷಿನಿಂದ ಬಳಿದಿದ್ದಾರೆ. ಆ ಗೀರುಗಳು ಕುದುರೆಯ ಕಾಲು, ಸವಾರನ ಮುಖ, ಬಂದೂಕು ಎಲ್ಲದರ ಮೇಲೂ ಒಂದೇ ದಿಕ್ಕಿಗೆ ಅಡ್ಡಡ್ಡ ಹರಿದಿವೆ. ಚೌಕಟ್ಟಿನ ಹಿಂದೆ ಮಡಚಿದ ಅಂಚನ್ನು ಬಿಚ್ಚಿದಾಗ ಮುದ್ರಣ ಯಂತ್ರದ ಬಣ್ಣದ ಪಟ್ಟಿಯೂ ಸಿಕ್ಕಿತು. ಚಿಕ್ಕದೊಂದು ಫೋಟೋವನ್ನು ಹಿಗ್ಗಿಸಿ ಅಚ್ಚು ಹಾಕಿರುವುದರಿಂದ ಬೈಲಿಯ ಮುಖ, ಬೆರಳು, ಪಲ್ಲಕ್ಕಿಯ ಅಂಚು ಎಲ್ಲವೂ ಕಲಸಿ ಒಂದು ಕಂದು ಮಚ್ಚೆಯಾಗಿದೆ.

ಕಳೆದ ಸೋಮವಾರ ತಮ್ಮ ಪ್ರತಿನಿಧಿ ನನ್ನನ್ನು ಇಪ್ಪತ್ತು ನಿಮಿಷ ಕಾಯಿಸಿ ಬಳಿಕ ಮಾತನಾಡಿದರು. "ಸರ್, ಎಲ್ಲಿ ಸರಿಯಿಲ್ಲ ಹೇಳಿ" ಎಂದಾಗ, ಪಲ್ಲಕ್ಕಿಯಲ್ಲಿ ಕುಳಿತವರ ಮುಖವೇ ಇಲ್ಲ ಎಂದೆ. "ಯುದ್ಧದ ಚಿತ್ರದಲ್ಲಿ ನೂರಾರು ಜನ ಇರ್ತಾರೆ ಸರ್, ಒಬ್ಬನ ಮುಖ ಕಾಣ್ಲಿಲ್ಲ ಅಂದ್ರೆ ಯಾರು ನೋಡ್ತಾರೆ?" ಎಂದರು. ಆ ಒಬ್ಬನೇ ಸೋತ ಸೇನಾಧಿಪತಿ ಎಂದು ವಿವರಿಸಿದೆ. ಅವರು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದವರಿಗೆ, "ಮೇಷ್ಟ್ರು ಪಾಠ ಮಾಡ್ತಿದ್ದಾರೆ, ಕೇಳಿಸ್ಕೊಳ್ಳಿ" ಎಂದರು. ಇಬ್ಬರು ಮೂವರು ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಚುಕ್ಕೆಗಳ ವಿಷಯ ಎತ್ತಿದಾಗ, "ಭೂತಗನ್ನಡಿ ಇಟ್ಕೊಂಡು ಯಾರಾದ್ರೂ ಪೇಂಟಿಂಗ್ ನೋಡ್ತಾರಾ? ಗೋಡೆಗೆ ಹಾಕಿ, ದೂರದಿಂದ ನೋಡಿ" ಎಂದು ಹೇಳಿ ಕರೆ ಕತ್ತರಿಸಿದರು. ಮಕ್ಕಳಿಗೆ ಹತ್ತಿರ ಹೋಗಿ ನೋಡಿ ಎಂದು ಹೇಳಿಕೊಟ್ಟೇ ಸಂಬಳ ಪಡೆದವನಿಗೆ ಈ ಮಾತು ಹೇಳಬಾರದಿತ್ತು. ಅಂದು ಊಟ ಸೇರಲಿಲ್ಲ.

ತಮ್ಮ ನಿಯಮಗಳು ತಮಗೆ ತಿಳಿದೇ ಇರುತ್ತವೆ. ಚಿತ್ರ ಮುಗಿದ ಮೇಲೆ ಫೋಟೋ ಕಳುಹಿಸಿ ಗ್ರಾಹಕರ ಒಪ್ಪಿಗೆ ಪಡೆದೇ ರವಾನಿಸುತ್ತೇವೆ, ಕೈಕೆಲಸವಲ್ಲದಿದ್ದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ ಎಂದು ತಮ್ಮ ಬಿಲ್ಲಿನ ಹಿಂಬದಿಯಲ್ಲೇ ಅಚ್ಚಾಗಿದೆ. ನನಗೆ ಯಾವ ಫೋಟೋವೂ ಬರಲಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳೂ ಹೇಳುತ್ತವೆ. ನನ್ನ ಮೊದಲ ಇಮೇಲ್ ಕಳುಹಿಸಿ ನಲವತ್ತೊಂದು ದಿನಗಳಾದವು.

ಹದಿನೈದು ದಿನಗಳೊಳಗೆ ಪೂರ್ತಿ ಹಣ ಹಿಂತಿರುಗಿಸಿ, ತಮ್ಮ ಪ್ರತಿನಿಧಿಯ ನಡವಳಿಕೆಗೆ ಲಿಖಿತವಾಗಿ ಕ್ಷಮೆ ಕೇಳಬೇಕು. ತಪ್ಪಿದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಿವೃತ್ತನಾದ ನನಗೆ ಪ್ರತಿ ವಿಚಾರಣೆಗೂ ಬಂದು ಕೂರುವಷ್ಟು ಸಮಯವಿದೆ. ಬಿಚ್ಚಿದ ಪಟವನ್ನು ಬಣ್ಣದ ಪಟ್ಟಿ ಕಾಣುವಂತೆಯೇ ಎತ್ತಿಟ್ಟಿದ್ದೇನೆ. ಅದರ ಜೊತೆಗೆ ಭೂತಗನ್ನಡಿಯನ್ನೂ ಆಯೋಗದ ಮೇಜಿನ ಮೇಲೆ ಇಡುತ್ತೇನೆ.

ಇಂತಿ,
ತಮ್ಮ ಗ್ರಾಹಕ,
ನಿವೃತ್ತ ಚಿತ್ರಕಲಾ ಶಿಕ್ಷಕ, ಮಂಡ್ಯ ಜಿಲ್ಲೆ