ಐಟಿಗೆ ಹೋಗೋರು ಹಳೇ ಕೆಲಸ ಮರೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಡಿಗ್ರಿ ರಿಸಲ್ಟ್ ಬಂದಾಗೊಮ್ಮೆ ನಿಮ್ಮ ಪೇಪರ್‌ನ್ಯಾಗೂ ಬ್ಯಾರೇ ಪೇಪರ್‌ನ್ಯಾಗೂ ಸಾಫ್ಟ್‌ವೇರ್ ಕೋರ್ಸಿನ ಜಾಹೀರಾತು ಭಾಳ ಬರ್ತಾವ, ‘100% ಜಾಬ್ ಗ್ಯಾರಂಟಿ’ ಅಂತ ದಪ್ಪ ಅಕ್ಷರದಾಗ. ಹೋದ ತಿಂಗಳು ರಾಣೆಬೆನ್ನೂರಿನ ನಮ್ ಅಕ್ಕನ ಮಗಳು ಅಂಥಾದೊಂದು ಕೋರ್ಸಿಗೆ ಸೇರಾಕ ತಯಾರಾಗಿ ನನಗ ಫೋನ್ ಮಾಡಿದ್ಳು. ಬಿ.ಎಸ್ಸಿ ಮುಗಿಸಿ ಎರಡು ವರ್ಷ ಆತು, ಒಂದು ಮೆಡಿಕಲ್ ಲ್ಯಾಬ್‌ನ್ಯಾಗ ರಿಪೋರ್ಟ್ ಟೈಪ್ ಮಾಡ್ತಾಳ. ಫೀ 85,000 ರೂಪಾಯಿ ಅಂತ. "ಮಾಮಾ, ಈಗ ರೊಕ್ಕ ಕೊಡೋದು ಬ್ಯಾಡಂತ, ಅವ್ರ ಲೋನ್ ಮಾಡಿಸಿ ಕೊಡ್ತಾರಂತ, ನೌಕರಿ ಸಿಕ್ಕ ಮ್ಯಾಲ ಕಟ್ಟಿದ್ರ ಆತಂತ" ಅಂದ್ಳು. ಅಗ್ರಿಮೆಂಟಿನ ಫೋಟೋ ಕಳಸವಾ ಅಂದೆ. ಓದಿ ನೋಡಿದ್ರ ಅದ್ರಾಗ ಗ್ಯಾರಂಟಿ ಅನ್ನೋ ಶಬ್ದನ ಇಲ್ಲ, ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂತ ಐತಿ. ಅಂದ್ರ ನಿಮ್ಮ ರೆಸ್ಯೂಮ್ ನಾಕು ಕಡೆ ಕಳಸ್ತೇವಿ, ಮುಂದಿಂದು ನಿಮಗ ಬಿಟ್ಟಿದ್ದು ಅಂತ. ಲೋನ್ ಇದ್ದದ್ದು ಒಂದು ಫೈನಾನ್ಸ್ ಕಂಪನಿದು, ಆಕೀ ಹೆಸರಿನ ಮ್ಯಾಲ, ಇಎಂಐ ಮುಂದಿನ ತಿಂಗಳಿಂದನ ಚಾಲೂ. ಕ್ಲಾಸ್ ಸರಿ ಇಲ್ಲ ಅಂತ ನಡುವ ಬಿಟ್ರೂ ಇಎಂಐ ನಿಲ್ಲಂಗಿಲ್ಲ, ಕಟ್ಟದಿದ್ರ ಸಿಬಿಲ್ ಸ್ಕೋರ್ ಕೆಡ್ತತಿ, ನಾಳೆ ಮನೀಗೋ ಗಾಡಿಗೋ ಸಾಲ ಕೇಳಾಕ ಹೋದ್ರ ಬ್ಯಾಂಕಿನವ್ರು ಇದನ್ನ ತೆಗದು ತೋರಸ್ತಾರ.

ಆಕೀನ್ನ ತಡದೆ. ಆದ್ರ ಸೇರಬ್ಯಾಡ ಅಂತ ಹೇಳಿ ಸುಮ್ನ ಕುಂತ್ರ ಆಗಂಗಿಲ್ಲಲ್ರೀ, ಹಂಗಾರ ಏನು ಮಾಡ್ಲಿ ಅಂತ ಕೇಳೇ ಕೇಳ್ತಾಳ, ಅದಕ್ಕ ಆಕೀಗೆ ಹೇಳಿದ್ದನ್ನ ನಿಮಗೂ ಬರಿಯಾಕತ್ತೇನಿ, ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಇಂಥಾ ಹುಡುಗ್ರು ಭಾಳ ಮಂದಿ ಅದಾರ.

ನಾನು ಬಿ.ಕಾಂ ಮಾಡಿ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನ್ಯಾಗ 9 ವರ್ಷ ಡಿಟಿಪಿ ಕೆಲಸ ಮಾಡ್ದಾವ. ಲಗ್ನಪತ್ರ, ಬಿಲ್ ಬುಕ್ಕು, ಜಾತ್ರಿ ಪೋಸ್ಟರ್, ಸ್ಮರಣ ಸಂಚಿಕೆ, ಎಲ್ಲಾ ಪೇಜ್‌ಮೇಕರ್ ಅನ್ನೋ ಪುಟ ಜೋಡಸೋ ಸಾಫ್ಟ್‌ವೇರ್ ಮತ್ತ ನುಡಿ ಅನ್ನೋ ಕನ್ನಡ ಫಾಂಟ್‌ನ್ಯಾಗ. ಲಗ್ನಪತ್ರ ವಾಟ್ಸಾಪ್‌ಗೆ ಹೋದಂಗ ಕೆಲಸ ಕಡಿಮಿ ಆಗ್ತಾ ಬಂತು. ಆವಾಗ ಒಬ್ಬರು 300 ಪುಟದ ಹಳೇ ಸಂಚಿಕೆ ತಂದು ಇದನ್ನ ಮೊಬೈಲ್‌ನ್ಯಾಗ ಓದೋ ಹಂಗ ಯುನಿಕೋಡ್ ಮಾಡಿ ಕೊಡ್ರಿ ಅಂದ್ರು. ಯುನಿಕೋಡ್ ಅಂದ್ರ ಎಲ್ಲಾ ಮೊಬೈಲ್, ಕಂಪ್ಯೂಟರ್‌ನ್ಯಾಗೂ ಅಕ್ಷರ ಸರಿಯಾಗಿ ಕಾಣೋ ಪದ್ಧತಿ. ನುಡಿ ಫಾಂಟಿನ ಹಳೇ ಫೈಲು ಫಾಂಟ್ ಇಲ್ಲದ ಕಡೆ ತೆಗದ್ರ ಬರೇ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣ್ತತಿ. ಒಂದು ಅಕ್ಷರ ತೆಗದು ಇನ್ನೊಂದು ಹಾಕಿದ್ರ ಆತು ಅಂತ ಫೈಂಡ್-ರಿಪ್ಲೇಸ್ ಮಾಡಾಕ ಹೋದೆ, ‘ಸೂರ್ಯ’ ಅನ್ನೋದು ಬರಲೇ ಇಲ್ಲ. ಯಾಕಂದ್ರ ನುಡಿಯಾಗ ಅರ್ಕಾವತ್ತು ‘ಯ’ ಆದ ಮ್ಯಾಲ ಬರ್ತತಿ, ಕಣ್ಣಿಗೆ ಕಾಣೋ ಹಂಗ, ಯುನಿಕೋಡ್‌ನ್ಯಾಗ ‘ರ್’ ಮೊದಲ ಬರ್ಬೇಕು, ಉಚ್ಚಾರ ಮಾಡೋ ಹಂಗ. ಹಂಗ ಅಕ್ಷರದ ಕ್ರಮ ಹಿಂದ ಮುಂದ ಮಾಡಬೇಕಂದ್ರ ಪ್ರೋಗ್ರಾಮ್ ಬರೀಬೇಕು ಅಂತ ಗೊತ್ತಾದದ್ದು ಆವಾಗ. ಆ ಒಂದು ‘ರ್’ ಸಲುವಾಗಿ ನಾನು ಪೈಥಾನ್ ಅನ್ನೋ ಪ್ರೋಗ್ರಾಮ್ ಬರಿಯೋ ಭಾಷೆ ಕಲತೆ. ದಿನಾ ಮುಂಜಾನೆ 5ಕ್ಕ ಎದ್ದು 7ರ ತನಕ, ಹತ್ತು ತಿಂಗಳು, ಹುಬ್ಬಳ್ಳಿಯಾಗ 14,000ಕ್ಕ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮ್ಯಾಲ. ಪ್ರೆಸ್ಸಿನ ಕೆಲಸ ಬಿಟ್ಟಿರಲಿಲ್ಲ, ಕಲಿಯೋರು ಯಾರೂ ಮೊದಲ ಕೆಲಸ ಬಿಡಬ್ಯಾಡ್ರಿ.

ಇದನ್ನ ಇಷ್ಟು ಉದ್ದ ಯಾಕ ಹೇಳ್ದೆ ಅಂದ್ರ, ಎಲ್ಲಾರೂ ಯಾವ ಲ್ಯಾಂಗ್ವೇಜ್ ಕಲೀಲಿ, ಜಾವಾ ಚಲೋನೋ ಪೈಥಾನ್ ಚಲೋನೋ ಅಂತಷ್ಟ ಕೇಳ್ತಾರ. ನೀವು ಈಗ ಮಾಡೋ ಕೆಲಸದಾಗ ದಿನಾ ಕಾಡೋದು ಯಾವುದು ಅಂತ ಮೊದಲ ನೋಡ್ರಿ, ಅದನ್ನ ಬಿಡಸಾಕ ಯಾವುದು ಬೇಕೋ ಅದನ್ನ ಕಲೀರಿ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಯಾಗ ಲೆಕ್ಕ ಬರಿಯೋ ಹುಡುಗಗ ಲಾಟು, ತೂಕ, ಕಮಿಷನ್, ಇ-ಟೆಂಡರ್ ಎಲ್ಲಾ ಬಾಯಿಪಾಠ ಇರ್ತತಿ, ಅವ ಎಸ್‌ಕ್ಯೂಎಲ್ (ಕಂಪ್ಯೂಟರಿನ್ಯಾಗ ಕೂಡಿಟ್ಟ ಮಾಹಿತಿಯೊಳಗ ಬೇಕಾದ್ದನ್ನ ತೆಗಿಯೋ ಭಾಷೆ) ಕಲತ್ರ ಮಾರ್ಕೆಟ್ಟಿಗೆ ಸಾಫ್ಟ್‌ವೇರ್ ಮಾಡೋ ಕಂಪನಿಗೆ ಬರೇ ಎಸ್‌ಕ್ಯೂಎಲ್ ಗೊತ್ತಿರಾವಕಿಂತ ಇವನ ಬೇಕಾಗ್ತಾನ. ಟ್ಯಾಲಿ, ಜಿಎಸ್‌ಟಿ ಗೊತ್ತಿರೋರಿಗೆ ಇಆರ್‌ಪಿ (ಕಂಪನಿಯ ಲೆಕ್ಕ, ಸ್ಟಾಕು, ಪಗಾರ ಎಲ್ಲಾ ಒಂದ ಕಡೆ ನೋಡೋ ಸಾಫ್ಟ್‌ವೇರ್) ಸಪೋರ್ಟ್‌ನ್ಯಾಗ ದಾರಿ ಐತಿ.

ನನ್ನ ದಾರಿ ತೆರದದ್ದು ಪ್ರೂಫ್ ನೋಡೋ ಚಟದಿಂದ. ಮೊದಲ ಪ್ರೂಫ್, ಎರಡನೇ ಪ್ರೂಫ್, ಆಮ್ಯಾಲ ಪ್ರಿಂಟ್ ಆರ್ಡರ್, ಒಂದು ತಾರೀಖು ತಪ್ಪಿದ್ರ ಲಗ್ನಪತ್ರ ಪೂರಾ ಹೋತು. ಸಾಫ್ಟ್‌ವೇರ್ ಟೆಸ್ಟಿಂಗ್ ಅಂದ್ರೂ ಇದ, ಮಂದಿ ಕೈಗೆ ಹೋಗೋ ಮೊದಲ ತಪ್ಪು ಹುಡುಕೋದು. ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡೋ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ನಾನು ಸಪೋರ್ಟ್ ಅಂತ ಸೇರ್ದೆ, ಆರು ತಿಂಗಳಿಗೆ ಟೆಸ್ಟಿಂಗ್ ಕೊಟ್ರು. ಪ್ರೆಸ್‌ನ್ಯಾಗ 14,000 ಬರ್ತಿತ್ತು, ಅಲ್ಲಿ 9,000. ದಿನಾ ಗದಗಿಂದ ಟ್ರೇನಿಗೆ ಓಡಾಡ್ದೆ, ಮನ್ಯಾಗ ಭಾಳ ಮಾತು ಬಂದುವು, ಎರಡು ವರ್ಷ ತ್ರಾಸ ಆತು. ವೃತ್ತಿ ಬದಲು ಮಾಡೋರಿಗೆ ಈ ಮಾತು ಯಾರೂ ಹೇಳಂಗಿಲ್ಲ, ಮೊದಲ ಪಗಾರ ಇಳೀತತಿ, ಅದಕ್ಕ ಆರು ತಿಂಗಳ ಮನಿ ಖರ್ಚು ತಗದಿಟ್ಟು ಇಳೀರಿ. ಈಗ ನಾನು ಒಂದು ಬೆಂಗಳೂರು ಕಂಪನಿಗೆ ಬೆಟಗೇರಿ ಮನಿಯಿಂದನ ಡೇಟಾ ಕೆಲಸ ಮಾಡ್ತೇನಿ.

ಕಲಿಯಾಕ ರೊಕ್ಕ ಬೇಕಾಗಂಗಿಲ್ಲ. ಐಐಟಿ, ಐಐಎಸ್‌ಸಿ ಪ್ರೊಫೆಸರ್‌ಗಳ ಪಾಠ ಎನ್‌ಪಿಟಿಇಎಲ್ ಅನ್ನೋ ವೆಬ್‌ಸೈಟಿನ್ಯಾಗ ಪುಕ್ಕಟೆ ಅದಾವ, ಸರ್ಟಿಫಿಕೇಟ್ ಪರೀಕ್ಷೆ ಬರದ್ರ ಅಷ್ಟ ಫೀ. ಅಮೆರಿಕಾದ ಹಾರ್ವರ್ಡ್ ಯುನಿವರ್ಸಿಟಿಯವ್ರ ಸಿಎಸ್50 ಅನ್ನೋ ಕಂಪ್ಯೂಟರ್ ಕೋರ್ಸ್ ಪುಕ್ಕಟೆ, ಕೋಡಿಂಗ್ ಕಲಸೋ ಫ್ರೀಕೋಡ್‌ಕ್ಯಾಂಪ್ ವೆಬ್‌ಸೈಟ್ ಪುಕ್ಕಟೆ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಪುಕ್ಕಟೆ. ಎಸ್‌ಕ್ಯೂಎಲ್ ರೂಢಿ ಮಾಡಾಕ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಹಾಕ್ಕೋರಿ, ಅದಕ್ಕೂ ರೊಕ್ಕ ಇಲ್ಲ. ಪಾಸಾಗಿ ಆರು ತಿಂಗಳಾದ್ರೂ ನೌಕರಿ ಸಿಗದ ಪದವೀಧರರಿಗೆ ಸರ್ಕಾರ ಯುವನಿಧಿ ಅಂತ ತಿಂಗಳಿಗೆ 3,000, ಡಿಪ್ಲೊಮಾದವ್ರಿಗೆ 1,500, ಹೆಚ್ಚಂದ್ರ ಎರಡು ವರ್ಷ ಕೊಡ್ತತಿ, ಆ ರೊಕ್ಕ ಇಂಟರ್ನೆಟ್ಟಿಗೆ, ಪರೀಕ್ಷಾ ಫೀಗೆ ಸಾಕಾಗ್ತತಿ, ಅದನ್ನ ಇಎಂಐಗೆ ಹಾಕಬ್ಯಾಡ್ರಿ.

ಇಂಗ್ಲಿಷ್ ಬರಂಗಿಲ್ಲ ಅನ್ನೋ ಅಂಜಿಕಿ ನಮ್ ಕನ್ನಡ ಮೀಡಿಯಂ ಹುಡುಗ್ರಿಗೆ ಐತಿ, ನನಗೂ ಇತ್ತು. ನಾನು ಬಗ್ ರಿಪೋರ್ಟ್ (ಸಾಫ್ಟ್‌ವೇರ್‌ನ್ಯಾಗ ಕಂಡ ತಪ್ಪಿನ ವರದಿ) ಬರದು ಬರದು ಇಂಗ್ಲಿಷ್ ಕಲತೆ. ಮೂರ ಸಾಲು: ನಾನು ಏನು ಮಾಡ್ದೆ, ಏನು ಬರಬೇಕಿತ್ತು, ಏನು ಬಂತು. ದಿನಾ ಎರಡು ಬರೀರಿ, ನಿಮ್ಮ ಮೊಬೈಲ್‌ನ್ಯಾಗಿನ ಯಾವ್ದರ ಆ್ಯಪ್ ತೆಗದು ತಪ್ಪು ಹುಡುಕಿ. ಇಂಟರ್‌ವ್ಯೂದಾಗ ಇದನ್ನ ಕೇಳ್ತಾರ.

ಈಗ ಎಐ ಬಂದೈತಿ, ಕೋಡ್ ಅದ ಬರೀತತಿ, ಇನ್ನ ನಾವೆದಕ್ಕ ಅಂತ ಕೇಳ್ತಾರ. 2022ರ ನವೆಂಬರ್‌ನ್ಯಾಗ ಚಾಟ್‌ಜಿಪಿಟಿ ಬಂದಾಗಿಂದ ಈ ಪ್ರಶ್ನೆ ನನಗೂ ಬಿಟ್ಟಿಲ್ಲ. ಒಂದು ನಡದದ್ದು ಹೇಳ್ತೇನಿ. ಹೋದ ವರ್ಷ ನಮ್ ಟೀಮಿನ ಹೊಸ ಹುಡುಗ ಬಿಲ್ಲಿನ ಟೋಟಲ್ ತೆಗಿಯೋ ಎಸ್‌ಕ್ಯೂಎಲ್ ಎಐ ಕಡಿಂದ ಬರಸಿದ್ದ. ಚಲೋನ ಓಡ್ತು, ಎರರ್ ಇಲ್ಲ, ಆದ್ರ ಟೋಟಲ್ ನೋಡಿದ ಕೂಡ್ಲೆ ಇದು ಜಾಸ್ತಿ ಆತು ಅಂತ ನನಗ ಅನಸ್ತು. ಕಾರಣ ಏನಂದ್ರ ಒಂದು ಬಿಲ್ಲಿಗೆ ಅಡ್ವಾನ್ಸ್ ಒಮ್ಮೆ, ಬಾಕಿ ಒಮ್ಮೆ ಅಂತ ಎರಡು ಸಲ ರೊಕ್ಕ ಬಂದಿತ್ತು, ಬಿಲ್ ಟೇಬಲ್‌ಗೆ ಪೇಮೆಂಟ್ ಟೇಬಲ್ ಜೋಡಸಿದಾಗ ಅದ ಬಿಲ್ ಎರಡು ಸಾಲಾಗಿ, ಕೂಡಸಿದಾಗ ಆ ಬಿಲ್ಲಿನ ರೊಕ್ಕ ಎರಡು ಪಟ್ಟು ಆತು. ಪ್ರೆಸ್‌ನ್ಯಾಗ 9 ವರ್ಷ ಅಡ್ವಾನ್ಸ್, ಬಾಕಿ ಬರದ ಕೈಗೆ ಅದು ಹೊಳೀತು. ಬರೇ ಟ್ಯುಟೋರಿಯಲ್ ನೋಡಿ ಟೈಪ್ ಮಾಡೋದು ಕಲತೋರಿಗೆ ಕಷ್ಟ ಆಗಾಕತ್ತೈತಿ, ಅದನ್ನ ಮುಚ್ಚಿಡಬಾರ್ದು, ಮೊದಲು ಫ್ರೆಶರ್‌ಗಳಿಗೆ ಕೊಡ್ತಿದ್ದ ಸಣ್ಣ ಕೆಲಸ ಈಗ ಮಷೀನ್ ಮಾಡ್ತತಿ. ಉತ್ತರ ತಪ್ಪೈತಿ ಅಂತ ಹೇಳೋರು ಬೇಕಾಗ್ಯಾರ.

ಇನ್ನೊಂದು ಮಾತು ಜೋರಾಗಿ ಹೇಳ್ತೇನಿ. ಬ್ಯಾಕ್‌ಡೋರ್‌ನಿಂದ ನೌಕರಿ ಕೊಡಸ್ತೇವಿ ಅಂತ ಲಕ್ಷ ಎರಡು ಲಕ್ಷ ಕೇಳೋರಿಗೆ, ಮೂರು ವರ್ಷದ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿ ಕೊಡ್ತೇವಿ ಅನ್ನೋರಿಗೆ ಒಂದು ರೂಪಾಯಿ ಕೊಡಬ್ಯಾಡ್ರಿ. ನೆಟ್ಟಗಿನ ಕಂಪನಿ ಯಾವುದೂ ನೌಕರಿ ಕೊಡಾಕ ಡೆಪಾಸಿಟ್ ಕೇಳಂಗಿಲ್ಲ. ಸೇರಿದ ಮ್ಯಾಲ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡ್ತಾರ, ಪಿಎಫ್‌ನ ಯುಎಎನ್ ನಂಬರಿನ್ಯಾಗ ನೀವು ಎಲ್ಲಿ ಯಾವಾಗಿಂದ ಕೆಲಸ ಮಾಡೀರಿ ಅಂತ ಬಂದ ಬಿಡ್ತತಿ. ನಮ್ ಓಣಿ ಹುಡುಗ ಒಬ್ಬ ಹಿಂಗ ಸೇರಿ ಎಂಟು ತಿಂಗಳಿಗೆ ಹೊರಗ ಬಂದ, ಅವ್ರಪ್ಪ ಹೊಲ ಒತ್ತಿ ಹಾಕಿ ರೊಕ್ಕ ಕೊಟ್ಟಿದ್ದ. ಆ ಮನಿಗೆ ಹೋಗಿ ಮಾತಾಡಸಾಕ ನನಗ ಇನ್ನೂ ಬಾಯಿ ಬರಂಗಿಲ್ಲ.

ನಮ್ ಕಡೆ ಐಟಿ ಅಂದ ಕೂಡ್ಲೆ ಶಿಗ್ಗಾವಿಯಾಗ ಹುಟ್ಟಿ ಹುಬ್ಬಳ್ಳಿ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನ್ಯಾಗ ಕಲತ ಸುಧಾ ಮೂರ್ತಿ ಅವ್ರನ್ನ, ಧಾರವಾಡದಾಗ ಸಾಲಿ ಕಲತ ನಂದನ್ ನಿಲೇಕಣಿ ಅವ್ರನ್ನ ನೆನಸ್ತಾರ. ಧಾರವಾಡಕ್ಕ 2016ಕ್ಕ ಐಐಟಿ ಬಂತು, ಅದರ ಹಿಂದಿನ ವರ್ಷ ಟ್ರಿಪಲ್ ಐಟಿ ಬಂತು. ಹೆಮ್ಮೆ ಐತ್ರಿ. ಆದ್ರ ಬಿ.ಎ, ಬಿ.ಕಾಂ ಮಾಡಿ ಅಂಗಡಿಯಾಗ, ಲ್ಯಾಬ್‌ನ್ಯಾಗ, ಪ್ರೆಸ್‌ನ್ಯಾಗ ಕೆಲಸ ಮಾಡೋ ಹುಡುಗ್ರಿಗೆ ದಾರಿ ತೋರಸೋರು ಯಾರು? ಅವ್ರಿಗೆ ಕಾಣೋದು ಆ ಜಾಹೀರಾತು ಒಂದ.

ಅಕ್ಕನ ಮಗಳು ಲೋನ್ ಬಿಟ್ಳು. ಆಕೀ ಲ್ಯಾಬಿನ ಸಾಫ್ಟ್‌ವೇರ್‌ನ್ಯಾಗ ಹಿಮೋಗ್ಲೋಬಿನ್ 13.5 ಅನ್ನೋ ಕಡೆ ಕೈತಪ್ಪಿ 135 ಅಂತ ಹೊಡದ್ರೂ ಸುಮ್ನ ಪ್ರಿಂಟ್ ಆಗ್ತತಿ, ಆಕೀ ಕಣ್ಣಿಗೆ ಬಿದ್ರ ತಿದ್ದತಾಳ, ಬೀಳದಿದ್ರ ಪೇಶಂಟಿನ ಕೈಗೆ ಹೋಗ್ತತಿ. ಇಂಥಾ ತಪ್ಪು ಒಂದೊಂದು ಮೂರು ಸಾಲಿನ್ಯಾಗ ನೋಟ್‌ಬುಕ್ಕಿನ್ಯಾಗ ಬರಿಯಾಕತ್ತಾಳ, ರಾತ್ರಿ ಎಸ್‌ಕ್ಯೂಎಲ್ ಕಲಿಯಾಕತ್ತಾಳ.

ನಿಮಗ ನನ್ನ ವಿನಂತಿ ಇಷ್ಟ: ‘ಗ್ಯಾರಂಟಿ’ ಅಂತ ಜಾಹೀರಾತು ತರೋರಿಗೆ, ಆ ಮಾತು ನಿಮ್ಮ ಅಗ್ರಿಮೆಂಟಿನ್ಯಾಗ ಎಲ್ಲೈತಿ ತೋರಸ್ರಿ ಅಂತ ಒಮ್ಮೆ ಕೇಳ್ರಿ. ತೋರಸದಿದ್ರ ಆ ಶಬ್ದ ತೆಗದು ಹಾಕ್ರಿ. ಮತ್ತ ವಾರಕ್ಕೊಮ್ಮೆ ನಮ್ ಜಿಲ್ಲಾದಾಗ ಹಿಂಗ ಕೆಲಸ ಬದಲು ಮಾಡಿದ ಒಬ್ಬರ ಅನುಭವ, ಪಗಾರ ಎಷ್ಟು ಇಳೀತು, ಎಷ್ಟು ದಿನ ಹಿಡೀತು ಅನ್ನೋದು ಸಹಿತ, ಶಿಕ್ಷಣ ಪುಟದಾಗ ಹಾಕ್ರಿ. ಮೊದಲನೇದು ಬೇಕಂದ್ರ ನಂದು ಬರದು ಕೊಡ್ತೇನಿ.

ಇಂತಿ ನಿಮ್ಮ ಓದುಗ,
ಬೆಟಗೇರಿ, ಗದಗ